ಲಾವೋಸ್ ನೋಟಿನ ಮೇಲಿರುವ ಈ ಮನುಷ್ಯ ಯಾರು?

ಅಲೆಮಾರಿ_ಹಾಸನ:
ಹೋದ ತಿಂಗಳು ಲುವಾಂಗ್ ಪ್ರಬಾಂಗ್‌ಗೆ ಹೋಗಿ ಬಂದೆ. ಖರ್ಚಾಗದ ಒಂದಿಷ್ಟು ಕಿಪ್ ನೋಟು ಜೇಬಲ್ಲೇ ಉಳಿದಿವೆ. 2000, 5000, 20,000, ಯಾವುದನ್ನು ತೆಗೆದರೂ ಒಬ್ಬರದೇ ಮುಖ. ಗೂಗಲ್ ಮಾಡಿದರೆ ಕೈಸೋನ್ ಫೋಮ್‌ವಿಹಾನ್ ಅಂತ ಬಂತು. ಆದರೆ ಲಾವೋಸ್ ಕ್ರಾಂತಿ ಅಂದರೆ 'ಕೆಂಪು ರಾಜಕುಮಾರ' ಸುಫಾನುವೋಂಗ್ ಅಂತಲೇ ನಾನು ಓದಿದ್ದು. ಹಾಗಾದರೆ ಇವರು ಯಾರು? ಯಾರಿಗಾದರೂ ಗೊತ್ತಿದ್ದರೆ ಸ್ವಲ್ಪ ಬಿಡಿಸಿ ಹೇಳಿ.

ರಾಗಿಮುದ್ದೆ:
ಕ್ರಾಂತಿ ಆದ ಮೇಲಿನ ಮೊದಲ ಪ್ರಧಾನಿ ಅವರೇ. 1975ರಿಂದ 1991ರವರೆಗೆ. ಆಮೇಲೆ ಅಧ್ಯಕ್ಷ. 1992ರ ನವೆಂಬರ್‌ನಲ್ಲಿ ತೀರಿಕೊಂಡರು. ಇಷ್ಟೇ ಗೊತ್ತು ನನಗೆ.

ತುಂಗೆಯ_ದಡ:
ನೀರಿನ ಕೆಲಸದ ಮೇಲೆ ಎರಡು ವರ್ಷ ಲಾವೋಸ್ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಇದ್ದವನು ನಾನು. ನನಗೂ ಮೊದಲು ಇದೇ ಗೊಂದಲ ಇತ್ತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಹೆಸರು. ಫೋಮ್‌ವಿಹಾನ್ ಅಂದರೆ ಬೇರೆ ಏನೂ ಅಲ್ಲ, ನಮ್ಮ 'ಬ್ರಹ್ಮವಿಹಾರ'. ಬೌದ್ಧರು ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಅಂತ ನಾಲ್ಕು ಹೇಳುತ್ತಾರಲ್ಲ, ಅದು. ಪಕ್ಕಾ ಮಾರ್ಕ್ಸ್‌ವಾದಿಗೆ ಇಂಥ ಹೆಸರು! ಆಫೀಸಿನ ಲಾವೋ ಹುಡುಗನೊಬ್ಬ ಇದನ್ನು ಹೇಳಿದಾಗ ಊಟ ಬಿಟ್ಟು ನಕ್ಕಿದ್ದೆ.

ಹುಟ್ಟಿದ್ದು 1920ರ ಡಿಸೆಂಬರ್, ಮೆಕಾಂಗ್ ದಡದ ಸವನ್ನಖೇತ್ ಪ್ರಾಂತ್ಯದಲ್ಲಿ. ಅಪ್ಪ ವಿಯೆಟ್ನಾಮಿನವರು, ಅಮ್ಮ ಲಾವೋ. ಓದಿದ್ದು ಹನೋಯ್‌ನಲ್ಲಿ, ಕಾನೂನು. ಓದು ಬಿಟ್ಟು ಫ್ರೆಂಚರ ವಿರುದ್ಧದ ಹೋರಾಟಕ್ಕೆ ಇಳಿದರು. 1949ರ ಜನವರಿ 20ರಂದು ಈಶಾನ್ಯದ ಗುಡ್ಡಗಾಡಿನಲ್ಲಿ 'ಲಾತ್ಸಾವೋಂಗ್' ಅನ್ನೋ ಒಂದು ಸಣ್ಣ ತುಕಡಿ ಕಟ್ಟಿದರು. ಆ ದಿನವನ್ನೇ ಇವತ್ತಿಗೂ ಸೇನಾ ದಿನ ಅಂತ ಆಚರಿಸುತ್ತಾರೆ.

ಈಗ ನಿಮ್ಮ ಪ್ರಶ್ನೆ. ಸುಫಾನುವೋಂಗ್ ರಾಜಮನೆತನದವರು, ಮಾತುಗಾರ, ಹೊರಗಿನವರಿಗೆ ತೋರಿಸಲಿಕ್ಕೆ ಹೇಳಿಮಾಡಿಸಿದ ಮುಖ. ಸಂಧಾನಕ್ಕೆ ಕೂರುತ್ತಿದ್ದವರೂ ಅವರೇ. ಕೈಸೋನ್ ಹಿಂದೆ ಇದ್ದರು. 1955ರ ಮಾರ್ಚ್ 22ರಂದು ಗುಟ್ಟಾಗಿ ಒಂದು ಪಕ್ಷ ಹುಟ್ಟಿತು, ಅದರ ಪ್ರಧಾನ ಕಾರ್ಯದರ್ಶಿ ಕೈಸೋನ್. ಜನರಿಗೆ ಕಾಣುತ್ತಿದ್ದದ್ದು ರಾಜಕುಮಾರನ 'ದೇಶಭಕ್ತರ ರಂಗ' ಮಾತ್ರ. ಅದನ್ನು ಒಳಗಿನಿಂದ ನಡೆಸುತ್ತಿದ್ದದ್ದು ಈ ಪಕ್ಷ. 1975ರ ಡಿಸೆಂಬರ್ 2ರಂದು ರಾಜಪ್ರಭುತ್ವ ತೆಗೆದುಹಾಕಿ ಕೈಸೋನ್ ಪ್ರಧಾನಿ ಆದಾಗ ರಾಜಧಾನಿಯ ಎಷ್ಟೋ ಜನಕ್ಕೆ ಈ ಹೆಸರೇ ಹೊಸದು. ರಾಜಕುಮಾರನಿಗೆ ಅಧ್ಯಕ್ಷ ಪದವಿ ಸಿಕ್ಕಿತು. ಅಧಿಕಾರ ಯಾರ ಕೈಲಿತ್ತು ಅಂತ ನೋಟೇ ಹೇಳುತ್ತೆ, ಅಲ್ವಾ?

ಕೈಸೋನ್ ಅವರನ್ನು ಅರ್ಥ ಮಾಡಿಕೊಳ್ಳಬೇಕಾದರೆ ವಿಯೆಂಗ್‌ಸೈಗೆ ಹೋಗಬೇಕು. ಆ 'ಸೈ' ನಮ್ಮ 'ಜಯ'ವೇ. ವಿಯೆಟ್ನಾಂ ಗಡಿಗೆ ಹತ್ತಿರ, ಸಾಮ್ ನುವಾ ದಾಟಿ ಹೋಗಬೇಕು. ಸುಣ್ಣಕಲ್ಲಿನ ಗುಡ್ಡಗಳು, ಒಳಗೆಲ್ಲ ಗುಹೆ. 1964ರಿಂದ 1973ರವರೆಗೆ ಅಮೆರಿಕ ಲಾವೋಸ್ ಮೇಲೆ 20 ಲಕ್ಷ ಟನ್‌ಗೂ ಜಾಸ್ತಿ ಬಾಂಬ್ ಹಾಕಿತು. ಆಗ ಇಲ್ಲಿ ಸಾವಿರಾರು ಜನ ಗುಹೆಗಳಲ್ಲೇ ಸಂಸಾರ ಮಾಡಿದರು. ಆಸ್ಪತ್ರೆ, ಶಾಲೆ, ನಾಟಕದ ಜಾಗ, ಎಲ್ಲ ಬಂಡೆಯ ಹೊಟ್ಟೆಯಲ್ಲಿ.

ಕೈಸೋನ್ ಗುಹೆಗೆ ನಾನು ಹೋದದ್ದು ಮಳೆಗಾಲದಲ್ಲಿ. ಒಳಗೆ ಪಾಲಿಟ್‌ಬ್ಯೂರೋ, ಅಂದರೆ ಪಕ್ಷದ ಅತ್ಯುನ್ನತ ಸಮಿತಿ, ಸಭೆ ಸೇರುತ್ತಿದ್ದ ಕೋಣೆ. ಒಂದು ಉದ್ದ ಮೇಜು, ಕುರ್ಚಿಗಳು, ಅಷ್ಟೇ. ಇನ್ನೂ ಒಳಗೆ ಹೋದರೆ ದಪ್ಪ ಕಬ್ಬಿಣದ ಬಾಗಿಲಿನ ಪುಟ್ಟ ಕೋಣೆ. ವಿಷಗಾಳಿ ಬಿಟ್ಟರೆ ಬಾಗಿಲು ಹಾಕಿಕೊಂಡು ಕೂರಲಿಕ್ಕೆ. ಮೂಲೆಯಲ್ಲಿ ಗಾಳಿ ಒದಗಿಸುವ ಸೋವಿಯತ್ ಯಂತ್ರ, ಈಗ ತುಕ್ಕು ಹಿಡಿದಿದೆ. ನಾನು ಆ ಕೋಣೆಯಲ್ಲಿ ಐದು ನಿಮಿಷ ನಿಂತಿರಬಹುದು. ಬೆನ್ನೆಲ್ಲ ಒದ್ದೆ. ಅವರು ಗುಹೆಯಲ್ಲಿ ಕಳೆದದ್ದು ವರ್ಷಗಟ್ಟಲೆ.

ತಮಾಷೆ ಏನು ಗೊತ್ತಾ? ಗೆದ್ದು ರಾಜಧಾನಿಗೆ ಬಂದ ಮೇಲೆ ಅವರು ವಾಸ ಮಾಡಿದ್ದು 'ಆರನೇ ಕಿಲೋಮೀಟರ್' ಅನ್ನೋ ಕಡೆ. ಅಮೆರಿಕನ್ನರು ತಮ್ಮ ನೌಕರರಿಗೆ ಕಟ್ಟಿಸಿದ್ದ ಬಡಾವಣೆ ಅದು. ಯಾರ ಬಾಂಬಿಗೆ ಹೆದರಿ ಗುಹೆ ಸೇರಿದ್ದರೋ ಅವರ ಮನೆಯಲ್ಲೇ ಸಂಸಾರ. ಆ ಮನೆ ಈಗ ಮ್ಯೂಸಿಯಂ. ಅರಮನೆ ಏನಲ್ಲ, ಸಾಧಾರಣ ಬಂಗಲೆ.

ನನಗೆ ಅವರಲ್ಲಿ ಹಿಡಿಸಿದ್ದು ಒಂದೇ, ತಪ್ಪು ಹೆಜ್ಜೆಯನ್ನು ಹಿಂದಕ್ಕೆ ಇಡಬಲ್ಲವರಾಗಿದ್ದರು. 1978ರಲ್ಲಿ ರೈತರ ಜಮೀನು, ಎತ್ತು, ಎಮ್ಮೆ ಎಲ್ಲ ಸಹಕಾರಿ ಸಂಘಕ್ಕೆ ಸೇರಿಸಲು ಹೊರಟರು. ರೈತರು ಒಪ್ಪಲಿಲ್ಲ. ಕೆಲವರು ದನ ಕಡಿದು ತಿಂದರು, ಕೆಲವರು ಮೆಕಾಂಗ್ ದಾಟಿ ಥಾಯ್ಲೆಂಡಿಗೆ ಹೋದರು. 1979ರ ಮಧ್ಯದಲ್ಲಿ ಸುಮ್ನೆ ನಿಲ್ಲಿಸಿಬಿಟ್ಟರು. 1986ರಲ್ಲಿ 'ಚಿಂತನಾಕಾನ್ ಮೈ' ಅಂತ ಶುರು ಮಾಡಿದರು, ಹೊಸ ಚಿಂತನೆ. ಖಾಸಗಿ ವ್ಯಾಪಾರ, ಮಾರುಕಟ್ಟೆ ಬೆಲೆ ಎಲ್ಲ ಬಂತು. 1991ರಲ್ಲಿ ರಾಷ್ಟ್ರ ಲಾಂಛನದಿಂದ ಸುತ್ತಿಗೆ ಕುಡುಗೋಲು ಹೋಗಿ ಆ ಜಾಗಕ್ಕೆ ಥಾತ್ ಲುವಾಂಗ್ ಸ್ತೂಪ ಬಂತು. ಪಕ್ಷದ ಹಿಡಿತ ಮಾತ್ರ ಒಂದಿಷ್ಟೂ ಸಡಿಲವಾಗಲಿಲ್ಲ.

ಮಲ್ಲಿಗೆ_ಬುಟ್ಟಿ:
ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ನಿಮ್ಮ ಬರಹದಲ್ಲಿ 'ಸಮ್ಮನಾ' ಎಲ್ಲಿ ಹೋಯಿತು? ಹೆಸರಿಗೆ ವಿಚಾರ ಸಂಕಿರಣ, ನಿಜದಲ್ಲಿ ಸೆರೆ ಶಿಬಿರ. ಹಳೇ ಸರ್ಕಾರದ ಅಧಿಕಾರಿಗಳು, ಸೈನಿಕರನ್ನೆಲ್ಲ ಕರೆದೊಯ್ದರು. ಎಷ್ಟೋ ಜನ ಹತ್ತು ವರ್ಷ ಕಳೆದರೂ ಮನೆಗೆ ಬರಲಿಲ್ಲ. ಸವಾಂಗ್ ವತ್ಥನ ದೊರೆಯನ್ನು 1977ರಲ್ಲಿ ಉತ್ತರಕ್ಕೆ ಒಯ್ದರು, ಅಲ್ಲೇ ತೀರಿಹೋದರು. ಗುಡ್ಡಗಾಡಿನ ಮೋಂಗ್ ಬುಡಕಟ್ಟಿನ ಜನ ಲಕ್ಷಗಟ್ಟಲೆ ಊರು ಬಿಟ್ಟರು. ದೇಶದ ಹತ್ತರಲ್ಲಿ ಒಬ್ಬರು ಓಡಿಹೋದರು ಅಂದರೆ ಸಣ್ಣ ಮಾತಾ?

ತುಂಗೆಯ_ದಡ:
ಇಲ್ಲಮ್ಮ, ಸಣ್ಣ ಮಾತಲ್ಲ. ನಾನು ಬರೆಯಬೇಕಿತ್ತು, ತಪ್ಪಾಯ್ತು. ಅಲ್ಲಿದ್ದಾಗ ನಮ್ಮ ಮನೆ ಮಾಲೀಕರ ಅಣ್ಣ ಸಮ್ಮನಾಗೆ ಹೋಗಿದ್ದವರು. ಆ ವಿಷಯ ತೆಗೆದರೆ ಆ ಮನೆಯ ಅಜ್ಜಿ ಎದ್ದು ಒಳಗೆ ಹೋಗಿಬಿಡೋರು. ನಾನೂ ಆಮೇಲೆ ಕೇಳೋದು ಬಿಟ್ಟೆ.

ಸಿಗ್ನಲ್_ಮಗ:
ನಮ್ಮ ತಂದೆ ಸೇನೆಯಲ್ಲಿದ್ದರು. 1960ರ ದಶಕದಲ್ಲಿ ಸ್ವಲ್ಪ ಕಾಲ ಲಾವೋಸ್‌ನಲ್ಲಿ ಇದ್ದರು. ಲಾವೋಸ್ ಶಾಂತಿಗಾಗಿ ಆದ ಜಿನೀವಾ ಒಪ್ಪಂದದ ಮೇಲ್ವಿಚಾರಣೆ ಆಯೋಗಕ್ಕೆ ಭಾರತವೇ ಅಧ್ಯಕ್ಷ, ಕೆನಡಾ ಮತ್ತು ಪೋಲೆಂಡ್ ಜೊತೆಗೆ. ರಾಜಕುಮಾರನ ಕಥೆ ನೂರು ಸಲ ಹೇಳಿದ್ದಾರೆ. ಕೈಸೋನ್ ಹೆಸರು ಅವರ ಬಾಯಲ್ಲಿ ಒಂದು ಸಲವೂ ಕೇಳಿಲ್ಲ.

ಅಲೆಮಾರಿ_ಹಾಸನ:
ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ಸಲ ವಿಯೆಂಗ್‌ಸೈಗೆ ಹೋಗೇ ಹೋಗ್ತೀನಿ. ಕೊನೇ ಪ್ರಶ್ನೆ, ಈ ಕಿಪ್ ಇಲ್ಲಿ ಎಲ್ಲಾದರೂ ಬದಲಾಯಿಸಿಕೊಡ್ತಾರಾ?

ತುಂಗೆಯ_ದಡ:
ಯಾರೂ ಮುಟ್ಟಲ್ಲ. ನನ್ನ ಹತ್ರಾನೂ ಒಂದು ಕಟ್ಟು ಇದೆ, ಮೊಮ್ಮಗಳು ಅಂಗಡಿ ಆಟ ಆಡ್ತಾಳೆ.