ಗಡಿಯಾರ ‘ಹಿಂದಿದೆ’, ಗಡಿಯಾರ ‘ನಿಧಾನ ಓಡುತ್ತೆ’: ಸ್ಲ್ಯೂ, ಸ್ಟೆಪ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮೈಸೂರಿನ ಒಂದು ಕಾಲೇಜಿನ ಲ್ಯಾಬ್‌ಗಾಗಿ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಬಗ್ಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಈಗ ಎನ್‌ಟಿಪಿ ಭಾಗಕ್ಕೆ ಬಂದಿದ್ದೇನೆ. ನೆಟ್‌ವರ್ಕ್ ಮೂಲಕ ಸರ್ವರ್‌ನ ಟೈಮ್ ಸರಿಯಾಗಿಡುವ ಕೆಲಸ. ಆ ಕೆಲಸ ಮಾಡುವ ಕ್ರೋನಿ ಪ್ರೋಗ್ರಾಂ ಇನ್‌ಸ್ಟಾಲ್ ಮಾಡುವುದು, ಫೈರ್‌ವಾಲ್‌ನಲ್ಲಿ ಎನ್‌ಟಿಪಿ ಬಳಸುವ ಯುಡಿಪಿ 123 ಪೋರ್ಟ್ ಬಿಡುವುದು, ಇವನ್ನೆಲ್ಲ ಬರೆಯೋದು ಸುಲಭವಾಯಿತು. ಪದ ಬೇಕಾಗಿರೋದು ಆಮೇಲಿನದಕ್ಕೆ: ತಪ್ಪಿದ ಗಡಿಯಾರವನ್ನು ತಿದ್ದುವ ಸ್ಲ್ಯೂ, ಸ್ಟೆಪ್ ಅನ್ನೋ ಎರಡು ಬಗೆಗೆ.

ಮೊದಲು, ‘ಕ್ರೋನಿಸಿ ಟ್ರ್ಯಾಕಿಂಗ್’ ಅಂತ ಕಮಾಂಡ್ ಕೊಟ್ಟಾಗ ಬರುವ ಎರಡು ಸಾಲು ನೋಡಿ. ‘ಸಿಸ್ಟಮ್ ಟೈಮ್’ ಸಾಲಿನಲ್ಲಿ ಇಷ್ಟು ಸೆಕೆಂಡ್ ‘ಸ್ಲೋ’ ಅಂತ ಇರುತ್ತೆ. ‘ಫ್ರೀಕ್ವೆನ್ಸಿ’ ಸಾಲಿನಲ್ಲೂ ಇಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ‘ಸ್ಲೋ’ ಅಂತ ಬರಬಹುದು. ಪದ ಒಂದೇ, ಅರ್ಥ ಬೇರೆ. ಮೊದಲನೆಯದು ಈಗ ಗಡಿಯಾರ ಎಷ್ಟು ಹಿಂದಿದೆ ಅನ್ನೋದು. ಎರಡನೆಯದು ತಿದ್ದದೆ ಬಿಟ್ಟರೆ ಅದು ಎಷ್ಟು ನಿಧಾನ ಓಡುತ್ತೆ ಅನ್ನೋದು. 20 ಪಿಪಿಎಂ ಅಂದರೆ ದಿನಕ್ಕೆ ಸುಮಾರು 1.7 ಸೆಕೆಂಡ್. ಕನ್ನಡದಲ್ಲಿ ಈ ಗೊಂದಲವೇ ಇಲ್ಲ ಅಲ್ವಾ? ‘ಗಡಿಯಾರ ಐದು ನಿಮಿಷ ಹಿಂದಿದೆ’ ಅನ್ನೋದು ಬೇರೆ, ‘ಸೆಲ್ ವೀಕಾಗಿದೆ, ನಿಧಾನ ಓಡ್ತಿದೆ’ ಅನ್ನೋದು ಬೇರೆ. ಹಾಗಾಗಿ ಆಫ್‌ಸೆಟ್, ಅಂದರೆ ಎಷ್ಟು ಹಿಂದೆ ಮುಂದೆ ಇದೆ ಅನ್ನೋದು, ಡ್ರಿಫ್ಟ್, ಅಂದರೆ ಎಷ್ಟು ನಿಧಾನವೋ ಜೋರೋ ಓಡುತ್ತೆ ಅನ್ನೋದು, ಎರಡನ್ನೂ ಈ ಮಾತುಗಳಲ್ಲೇ ಬರೆದಿದ್ದೇನೆ. ‘ವಿಚಲನ’ ಅಂತ ಸುಮ್ನೆ ಭಾರದ ಪದ ಹಾಕಿದರೆ ಎರಡೂ ಮತ್ತೆ ಕಲೆತುಹೋಗುತ್ತವೆ.

ಸಿಂಕ್ರನೈಸೇಷನ್‌ಗೆ ‘ತಾಳೆ’ ಚೆನ್ನಾಗಿದೆ ಅನ್ನಿಸಿತ್ತು. ಆದರೆ ತಾಳೆ ನೋಡೋದು ಅಂದರೆ ಹೋಲಿಸಿ ನೋಡುವುದಷ್ಟೇ, ತಿದ್ದುವುದು ಅದರಲ್ಲಿ ಬರಲ್ಲ. ಸದ್ಯಕ್ಕೆ ‘ಟೈಮ್ ಸರಿಹೊಂದಿಸುವುದು’ ಅಂತ ಇಟ್ಟಿದ್ದೇನೆ.

ನನಗೆ ಪದ ಸಿಗದೇ ಇರೋದು ಸ್ಲ್ಯೂ ಮತ್ತು ಸ್ಟೆಪ್‌ಗೆ. ಸ್ಟೆಪ್ ಅಂದರೆ ತಪ್ಪು ಟೈಮಿನಿಂದ ಸರಿ ಟೈಮಿಗೆ ಒಂದೇ ಏಟಿಗೆ ಹೋಗೋದು. ಸ್ಲ್ಯೂ ಅಂದರೆ ಗಡಿಯಾರದ ಓಟವನ್ನೇ ಸ್ವಲ್ಪ ಜಾಸ್ತಿಯೋ ಕಮ್ಮಿಯೋ ಮಾಡಿ, ನಡುವೆ ಒಂದು ಸೆಕೆಂಡೂ ಬಿಟ್ಟುಹೋಗದ ಹಾಗೆ ದಾರಿಗೆ ತರೋದು. ಓಡುತ್ತಿರುವ ಡೇಟಾಬೇಸ್ ಇರುವ ಕಡೆ ಈ ವ್ಯತ್ಯಾಸ ತುಂಬ ಮುಖ್ಯ. ಗಡಿಯಾರ ಹಿಂದಕ್ಕೆ ಹಾರಿದರೆ ಆಮೇಲೆ ಬಂದ ದಾಖಲೆಗೆ ಮೊದಲಿನ ಟೈಮ್ ಬೀಳುತ್ತೆ, ಲಾಗ್ ಓದಿದವರಿಗೆ ಏನು ಯಾವಾಗ ಆಯಿತು ಅಂತಲೇ ತಿಳಿಯಲ್ಲ. ಅದಕ್ಕೇ ಕ್ರೋನಿಯ ಸೆಟ್ಟಿಂಗ್‌ನಲ್ಲಿ ‘ಮೇಕ್‌ಸ್ಟೆಪ್ 1.0 3’ ಅಂತ ಬರೆಯೋದು: ಶುರುವಿನ ಮೂರು ಅಪ್‌ಡೇಟ್‌ಗಳಲ್ಲಿ ಮಾತ್ರ, ಅದೂ ವ್ಯತ್ಯಾಸ ಒಂದು ಸೆಕೆಂಡಿಗಿಂತ ಜಾಸ್ತಿ ಇದ್ದರೆ, ಹಾರು. ಆಮೇಲೆಲ್ಲ ಸ್ಲ್ಯೂ. ‘ಸರಿಪಡಿಸು’ ಅಂತ ಬರೆದರೆ ಓದುವವರಿಗೆ ಯಾವುದು ಅಂತ ಗೊತ್ತಾಗಲ್ಲ.

ಪೆಂಡುಲಮ್ ಗಡಿಯಾರದಲ್ಲಿ ಎರಡೂ ಇವೆ. ಮುಳ್ಳು ತಿರುಗಿಸೋದು ಸ್ಟೆಪ್. ಗುಂಡಿನ ಕೆಳಗಿನ ತಿರುಪು ತಿರುಗಿಸಿ ಗುಂಡನ್ನು ಸ್ವಲ್ಪ ಮೇಲೇರಿಸಿದರೆ ಗಡಿಯಾರ ಚುರುಕಾಗುತ್ತೆ, ಅದು ಸ್ಲ್ಯೂ. ಹಾಗಾಗಿ ಸ್ಟೆಪ್‌ಗೆ ‘ಮುಳ್ಳು ತಿರುಗಿಸು’ ಅಥವಾ ‘ಹಾರಿಸು’ ನಡೆಯುತ್ತೆ ಅಂದುಕೊಂಡಿದ್ದೇನೆ. ಸ್ಲ್ಯೂಗೆ ‘ಓಟ ತಿದ್ದು’ ಅಂತ ಹೊಳೆದಿದೆ, ಆದರೆ ಅದು ನಾನು ಕಟ್ಟಿದ್ದು.

ಮೈಸೂರು, ಮಂಡ್ಯ ಕಡೆ ಹಳೆ ಗೋಡೆ ಗಡಿಯಾರ ರಿಪೇರಿ ಮಾಡುವವರು ಆ ತಿರುಪಿನ ಕೆಲಸಕ್ಕೆ ಏನಂತಾರೆ? ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದರೂ ಸರಿ, ದಯವಿಟ್ಟು ಆ ವಾಕ್ಯವನ್ನು ಹಾಗೇ ಬರೆದು ಕಳಿಸಿ.