ಎಣಿಕೆ ಮುಗಿದ ಮೇಲೆ ಚುನಾವಣಾ ಶಾಖೆಯಲ್ಲಿ ಏನೇನು ಕೆಲಸ ಇರುತ್ತದೆ? ಅನುಭವ ಇದ್ದವರು ಹೇಳಿ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಹೋದ ತಿಂಗಳು ಚುನಾವಣಾ ಶಾಖೆಗೆ ಹಾಕಿದ್ದಾರೆ. ನಮ್ಮ ಮಹಾನಗರ ಪಾಲಿಕೆಗೆ ಕಳೆದ ಸಲ ಮತದಾನ ಆಗಿದ್ದು 2018ರ ಆಗಸ್ಟ್ 31ಕ್ಕೆ, 35 ವಾರ್ಡ್, ಸೆಪ್ಟೆಂಬರ್ 3ಕ್ಕೆ ಎಣಿಕೆ. ಆಗ ನಾನಿನ್ನೂ ಪಿಯುಸಿ. ಆಗ ಈ ಕೆಲಸ ನೋಡಿದವರು ಯಾರೂ ಈಗ ಶಾಖೆಯಲ್ಲಿ ಉಳಿದಿಲ್ಲ, ಕೆಲವರು ನಿವೃತ್ತಿ ಆದರು, ಉಳಿದವರಿಗೆ ವರ್ಗ ಆಯಿತು.

ನಾಮಪತ್ರ, ತರಬೇತಿ, ಮಸ್ಟರಿಂಗ್ (ಸಿಬ್ಬಂದಿಗೆ ಸಾಮಗ್ರಿ ಕೊಟ್ಟು ಮತಗಟ್ಟೆಗೆ ಕಳಿಸುವುದು) ಇದಕ್ಕೆಲ್ಲ ಕೈಪಿಡಿ ಇದೆ. ಕೇಳಿದರೆ ಹೇಳಿಕೊಡುವವರೂ ಇದ್ದಾರೆ. ಎಣಿಕೆ ಆದ ಮೇಲೆ ಏನು ಅಂತ ಕೇಳಿದರೆ ಮಾತ್ರ "ಆಮೇಲೇನಿಲ್ಲ, ಸೀಲ್ ಮಾಡಿ ಇಡೋದು, ಬಿಲ್ ಹಾಕೋದು" ಅಂತ ಸುಮ್ಮನಾಗುತ್ತಾರೆ. ಆದರೆ ಕಪಾಟು ತೆಗೆದು ಹಳೇ ಕಡತ ನೋಡಿದರೆ ಎಣಿಕೆ ಆದ ಮೇಲಿನ ಕಾಗದವೇ ಜಾಸ್ತಿ ಇದೆ. ನನಗೆ ಭಯ ಆಗುತ್ತಿರುವುದು ಅದಕ್ಕೇ. ಎಲ್ಲರೂ ಮನೆಗೆ ಹೋದ ಮೇಲೆ ನಾನು ಮಾಡುವ ತಪ್ಪು ಯಾರ ಕಣ್ಣಿಗೂ ಬೀಳದೆ ಮುಂದೆ ಯಾರಿಗೋ ತೊಂದರೆ ಆಗಬಾರದು, ಅಲ್ವಾ? ಯಾವುದಕ್ಕೆ ಜಾಸ್ತಿ ಗಮನ ಕೊಡಬೇಕು ಅಂತ ದಯವಿಟ್ಟು ಹೇಳಿ.

ಹಳೇ ಶಿರಸ್ತೇದಾರ:

ಒಳ್ಳೇ ಪ್ರಶ್ನೆ ಕೇಳಿದ್ದೀಯಮ್ಮ. ಮೂವತ್ತು ವರ್ಷ ಕಂದಾಯ ಇಲಾಖೆಯಲ್ಲಿದ್ದೆ, ಅದರಲ್ಲಿ ಚುನಾವಣೆ ಕೆಲಸ ಎಷ್ಟು ಸಲ ಮಾಡಿದೆನೋ ಲೆಕ್ಕ ಇಟ್ಟಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಗೆದ್ದವರಿಗೆ ಪ್ರಮಾಣಪತ್ರ ಕೊಟ್ಟ ಕೂಡಲೇ ಹೊರಗೆ ಪಟಾಕಿ, ಡೊಳ್ಳು ಶುರು. ಒಳಗೆ ಅರ್ಧ ಜನ ಕೆಲಸ ಮುಗಿಯಿತು ಅಂತ ಎದ್ದುಬಿಡುತ್ತಾರೆ. ನೀನು ಏಳಬೇಡ. ಮತಯಂತ್ರ, ಗುರುತು ಮಾಡಿದ ಮತದಾರರ ಪಟ್ಟಿ, ಮತದಾರರ ಸಹಿ ಇರುವ ರಿಜಿಸ್ಟರ್, ಟೆಂಡರ್ ಮತಗಳ (ತನ್ನ ಹೆಸರಲ್ಲಿ ಬೇರೆ ಯಾರೋ ಮೊದಲೇ ಹಾಕಿಹೋಗಿದ್ದಾಗ ನಿಜವಾದ ಮತದಾರ ಹಾಕುವ ಮತ) ಲಕೋಟೆ, ಎಣಿಕೆ ತಖ್ತೆ ಎಲ್ಲ ಸೀಲ್ ಆಗುವುದು ಆ ಗದ್ದಲದಲ್ಲೇ. ಮೊದಲು ಶಾಸನಬದ್ಧ ಲಕೋಟೆಗಳನ್ನು, ಅಂದರೆ ಕಾನೂನು ಪ್ರಕಾರ ಸೀಲ್ ಮಾಡಿಯೇ ಇಡಬೇಕಾದವನ್ನು, ಬೇರೆ ಮಾಡು, ಉಳಿದವು ಆಮೇಲೆ. ಎರಡೂ ಕಲೆತುಹೋದರೆ ಮುಂದೆ ಕೋರ್ಟು ಒಂದು ಲಕೋಟೆ ಕೇಳಿದಾಗ ಇಡೀ ಪೆಟ್ಟಿಗೆ ಬಿಚ್ಚಬೇಕಾಗುತ್ತದೆ, ಹಾಗೆ ಸುಮ್ನೆ ಬಿಚ್ಚುವ ಹಾಗೂ ಇಲ್ಲ. ಏಜೆಂಟರು ತಮ್ಮ ಸೀಲನ್ನೂ ಹಾಕುತ್ತೇವೆ ಅಂದರೆ ಬೇಡ ಅನ್ನಬೇಡ, ಕರೆದು ಹಾಕಿಸು. ನಾಳೆ ಅವರೇ ಅದಕ್ಕೆ ಸಾಕ್ಷಿ.

ಅರಗು ಹಾಕುವುದನ್ನು ಯಾರೂ ಹೇಳಿಕೊಡುವುದಿಲ್ಲ, ಅದನ್ನೂ ಹೇಳುತ್ತೇನೆ. ನಮ್ಮ ಮಳೆಗಾಲದಲ್ಲಿ ಟ್ವೈನ್ ದಾರ ತೇವ ಹೀರಿಕೊಂಡಿರುತ್ತದೆ. ಅದರ ಮೇಲೆ ಅರಗು ಹಾಕಿದರೆ ಹಿಡಿಯುವುದಿಲ್ಲ, ತಣ್ಣಗಾದ ಮೇಲೆ ಬಿಲ್ಲೆ ಬಿಲ್ಲೆಯಾಗಿ ಎದ್ದು ಬರುತ್ತದೆ. ದಾರವನ್ನು ಹಿಂದಿನ ದಿನವೇ ಬಿಸಿ ಜಾಗದಲ್ಲಿ ಇಟ್ಟು ಒಣಗಿಸಿಕೋ. ಮೇಣದಬತ್ತಿ ಮೇಲೆ ಅರಗು ಕರಗಿಸಿ ಗಂಟಿನ ಮೇಲೆ ಹನಿಸು, ಒಂದೆರಡು ಉಸಿರು ಬಿಡುವಷ್ಟು ತಡೆ, ಹಿತ್ತಾಳೆ ಮೊಹರನ್ನು ಒದ್ದೆ ಬಟ್ಟೆಗೆ ಒತ್ತಿ ಆಮೇಲೆ ಅರಗಿನ ಮೇಲೆ ಒತ್ತು. ಒಣ ಮೊಹರು ಒತ್ತಿದರೆ ಅರಗು ಅದಕ್ಕೇ ಅಂಟಿ ಅಕ್ಷರ ಕಲಸಿಹೋಗುತ್ತದೆ. ಓದಲು ಬಾರದ ಸೀಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಅದಾದ ಮೇಲೆ ಫಲಿತಾಂಶದ ವರದಿ ಜಿಲ್ಲಾಧಿಕಾರಿಗಳ ಮೂಲಕ ರಾಜ್ಯ ಚುನಾವಣಾ ಆಯೋಗಕ್ಕೆ ಹೋಗಬೇಕು, ಗೆದ್ದವರ ಹೆಸರು ರಾಜ್ಯಪತ್ರದಲ್ಲಿ ಬರಬೇಕು. ಹೆಸರಿನ ಕಾಗುಣಿತ, ಇನಿಷಿಯಲ್, ಮೀಸಲು ವರ್ಗ ಇವನ್ನು ನಾಮಪತ್ರದ ಜೊತೆ ಇಟ್ಟು ಇಬ್ಬರು ಓದಿ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬೆರಳಿಟ್ಟು ನೋಡಬೇಕು. ಠೇವಣಿ ವಾಪಸ್ ಯಾರಿಗೆ ಸಿಗುತ್ತದೆ, ಯಾರದ್ದು ಹೋಯಿತು ಅನ್ನುವುದೂ ಆಗಲೇ ಲೆಕ್ಕ ಮಾಡಿ ಇಡು. ಬಡ ಅಭ್ಯರ್ಥಿಗಳಿಗೆ ಅದು ಸಣ್ಣ ಹಣ ಅಲ್ಲ, ನಾಲ್ಕು ಸಲ ಓಡಾಡಿಸಬೇಡ.

ಇನ್ನು ಖರ್ಚಿನ ಲೆಕ್ಕ. ನಗರ ಸಂಸ್ಥೆಗಳಲ್ಲಿ ನಿಂತವರೆಲ್ಲ, ಸೋತವರೂ ಸೇರಿ, 30 ದಿನದೊಳಗೆ ಲೆಕ್ಕ ಕೊಡಬೇಕು. ಕೊಡದಿದ್ದರೆ ಆಯೋಗ ಅವರನ್ನು ಅನರ್ಹ ಮಾಡಬಹುದು. ಗೆದ್ದವರು ನೆನಪಿಟ್ಟು ತರುತ್ತಾರೆ. ಸೋತವರು ಆ ನೋವಿನಲ್ಲಿ ಮರೆತುಬಿಡುತ್ತಾರೆ. ನಾನು ಸಹಾಯಕನಾಗಿದ್ದಾಗ ಒಬ್ಬ ಹೆಣ್ಣುಮಗಳು ಲೆಕ್ಕ ತಂದುಕೊಟ್ಟರು. ತೆಗೆದುಕೊಂಡು ಸಹಿ ಹಾಕಿ ಸ್ವೀಕೃತಿ ಕೊಟ್ಟೆ, ದಿನಾಂಕ ಹಾಕಲಿಲ್ಲ. ಆಮೇಲೆ ಅವರಿಗೆ ನೋಟಿಸ್ ಹೋಯಿತು. ಆ ಚೀಟಿ ಹಿಡಿದುಕೊಂಡು ಕಚೇರಿಗೆ ಬಂದರು, ಅದರಲ್ಲಿ ದಿನಾಂಕವೇ ಇಲ್ಲ. ಒಳಬರುವ ಪತ್ರಗಳ ವಹಿ ಹುಡುಕಿ ಸರಿ ಮಾಡಿದೆವು, ಆದರೆ ಅವರು ಮೂರು ವಾರ ನಿದ್ದೆ ಕೆಟ್ಟರು. ತಪ್ಪು ಪೂರ್ತಿ ನನ್ನದು. ಆವತ್ತಿನಿಂದ ದಿನಾಂಕದ ಮೊಹರು ಒತ್ತದೆ ಯಾವ ಕಾಗದವನ್ನೂ ಕೈಬಿಟ್ಟಿಲ್ಲ.

ಬಿಲ್ಲುಗಳ ಬಗ್ಗೆ ಜಾಸ್ತಿ ಹೇಳಲ್ಲ. ವಾಹನಗಳ ಲಾಗ್ ಪುಸ್ತಕ, ಶಾಮಿಯಾನ, ಊಟ, ವಿಡಿಯೋ ಇದೆಲ್ಲದಕ್ಕೆ ಆಯಾ ದಿನವೇ ಸಹಿ ಮಾಡಿಸಿಕೋ. ಎಸಿ ಬಿಲ್ಲಿನಲ್ಲಿ ಮುಂಗಡವಾಗಿ ಹಣ ಎತ್ತಿದ್ದರೆ, ಅದರ ಖರ್ಚಿನ ವಿವರ ಒಪ್ಪಿಸುವ ಎನ್‌ಡಿಸಿ ಬಿಲ್ಲು ತಡ ಮಾಡಬೇಡ. ಮೇಯರ್ ಚುನಾವಣೆ ನಿನ್ನ ತಲೆನೋವಲ್ಲ, ಅದನ್ನು ನಡೆಸುವವರು ಪ್ರಾದೇಶಿಕ ಆಯುಕ್ತರು. ನಿನ್ನಿಂದ ಹೋಗಬೇಕಾಗಿರುವುದು ತಪ್ಪಿಲ್ಲದ ಸದಸ್ಯರ ಪಟ್ಟಿ.

ಸಾಗರದ ಮೇಷ್ಟ್ರು:

ಮೇಡಂ, ನಾನು ಪ್ರೌಢಶಾಲೆ ಶಿಕ್ಷಕ. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮತಗಟ್ಟೆ ಅಧ್ಯಕ್ಷಾಧಿಕಾರಿ ಆಗಿದ್ದೆ. ಬೀದರ್ ಜಿಲ್ಲೆ ಬಿಟ್ಟರೆ ಉಳಿದ ಕಡೆ ಎಲ್ಲ ಮತಪತ್ರವೇ ಇತ್ತು, ನಮ್ಮದೂ ಅದೇ. ನಿಮ್ಮ ಕೌಂಟರಿನ ಆಚೆ ಕಡೆ ನಿಂತವನಾಗಿ ಒಂದು ಮಾತು ಹೇಳುತ್ತೇನೆ.

ಮತದಾನ ಮುಗಿಸಿ ಪೆಟ್ಟಿಗೆ, ಕಾಗದ ಎಲ್ಲ ವಾಪಸ್ ಒಪ್ಪಿಸುವ ಡಿಮಸ್ಟರಿಂಗ್‌ಗೆ ಬರುವ ಹೊತ್ತಿಗೆ ನಾವು ಹಿಂದಿನ ದಿನ ಬೆಳಿಗ್ಗೆಯಿಂದ ಸರಿಯಾಗಿ ಮಲಗಿರುವುದಿಲ್ಲ. ಕಾಡಿನೊಳಗಿನ ಶಾಲೆ, ರಾತ್ರಿ ಚಳಿ, ಬೆಂಚಿನ ಮೇಲೆ ನಿದ್ದೆ. ಬಂದದ್ದೆಷ್ಟು, ಬಳಸಿದ್ದೆಷ್ಟು, ಹಾಳಾಗಿದ್ದೆಷ್ಟು, ಉಳಿದದ್ದೆಷ್ಟು ಅಂತ ಮತಪತ್ರದ ಲೆಕ್ಕ ಬರೆದಿದ್ದೆ. ಕೂಡುವಾಗ ಮೂರು ವ್ಯತ್ಯಾಸ ಬಂತು. ಕೌಂಟರಿನಲ್ಲಿದ್ದ ಹುಡುಗಿ ಸುಮ್ನೆ ತೆಗೆದುಕೊಂಡು ಕಳಿಸಬಹುದಿತ್ತು, ಹಿಂದೆ ಅಷ್ಟು ದೊಡ್ಡ ಸಾಲು ಇತ್ತು. ಅವಳು ಕಳಿಸಲಿಲ್ಲ. "ಸರ್, ಕೂತ್ಕೊಳ್ಳಿ, ನೀರು ಕುಡೀರಿ, ಇನ್ನೊಂದ್ಸಲ ಕೂಡೋಣ" ಅಂದಳು. ಹಾಳಾದ ಮೂರು ಮತಪತ್ರಗಳನ್ನು ನಾನು ಬರೆದೇ ಇರಲಿಲ್ಲ, ಅವು ಲಕೋಟೆಯಲ್ಲಿ ಸರಿಯಾಗಿಯೇ ಇದ್ದವು. ಐದು ನಿಮಿಷದ ಕೆಲಸ. ಅದು ಹಾಗೇ ಎಣಿಕೆ ಟೇಬಲ್ಲಿಗೆ ಹೋಗಿದ್ದರೆ ಅಲ್ಲಿ ಜಗಳವೇ ಆಗುತ್ತಿತ್ತು.

ಎಣಿಕೆ ಆದ ಮೇಲಿನ ನಿಮ್ಮ ಕೆಲಸ ಹಗುರ ಆಗಬೇಕಾದರೆ ಆ ಕೌಂಟರಿನಲ್ಲಿ ತಾಳ್ಮೆ ಇರುವವರನ್ನು ಕೂರಿಸಿ. ನಮ್ಮ ಗೌರವಧನವನ್ನೂ ಅಲ್ಲೇ ಕೊಟ್ಟು ಸಹಿ ಮಾಡಿಸಿಕೊಂಡರೆ ಇಬ್ಬರಿಗೂ ನೆಮ್ಮದಿ.

ಅಡಿಕೆತೋಟ:

ನಾನು ನೌಕರ ಅಲ್ಲ. ನಮ್ಮೂರಿನ ಪಟ್ಟಣ ಪಂಚಾಯಿತಿ ಚುನಾವಣೆಗೆ ನನ್ನ ತಮ್ಮ ನಿಂತಿದ್ದ, ಏಳು ಮತದಲ್ಲಿ ಸೋತ. ನಾನೇ ಎಣಿಕೆ ಏಜೆಂಟ್.

ಏಳು ಮತ ಅಂದರೆ ಒಂದು ಮನೆ. ಯಾವ ಮನೆ ಅಂತ ತಲೆಯಲ್ಲಿ ಅದೇ ಓಡುತ್ತದೆ. ಏನೋ ಮೋಸ ಆಗಿದೆ ಅಂತ ನಮ್ಮ ಕಡೆಯವರು ಕೂಗಾಡಿದರು. ಚುನಾವಣಾಧಿಕಾರಿ ನಮ್ಮನ್ನು ಟೇಬಲ್ ಹತ್ತಿರ ಕರೆದು ಕೂರಿಸಿಕೊಂಡರು. ಮತಗಟ್ಟೆ ಅಧಿಕಾರಿ ಸಹಿ ಮಾಡಿ ಕೊಟ್ಟಿದ್ದ ಲೆಕ್ಕದ ಪ್ರತಿ ನಮ್ಮ ಹುಡುಗನ ಜೇಬಿನಲ್ಲೇ ಇತ್ತು, ಮಳೆಯಲ್ಲಿ ನೆಂದು ಮಡಿಕೆ ಹರಿದಿತ್ತು. ಅದರಲ್ಲಿದ್ದ ಒಟ್ಟು ಮತ ಮತ್ತು ಯಂತ್ರ ತೋರಿಸಿದ ಒಟ್ಟು ಮತ ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದರು. ಸರಿ ಹೊಂದಿತು. ಸೀಲ್ ನಂಬರ್ ಕೂಡ ಹೊಂದಿತು. ತಮ್ಮ ಒಂದೂ ಮಾತಾಡದೆ ಸಹಿ ಹಾಕಿ ಎದ್ದ. ಗೆದ್ದವನ ಕೈ ಕುಲುಕಿಯೇ ಹೊರಗೆ ಬಂದ.

ನೀವು ಇಡುವ ಆ ಕಾಗದ ಗೆದ್ದವನಿಗೆ ಬೇಕಾಗಲ್ಲ ತಂಗಿ. ಅದು ಬೇಕಾಗುವುದು ನಮ್ಮಂಥವರಿಗೆ. ಎರಡು ವಾರ ಬಿಟ್ಟು ಅಮ್ಮ ಇನ್ನೂ ಅಳುತ್ತಿದ್ದಳು ಅಂತ ಫಲಿತಾಂಶ ತಖ್ತೆಯ ದೃಢೀಕೃತ ನಕಲಿಗೆ ಅರ್ಜಿ ಹಾಕಿದೆ, ಅದೇ ವಾರ ಕೊಟ್ಟರು. ಮನೆಯಲ್ಲಿ ಓದಿ ಹೇಳಿದ ಮೇಲೆ ಸಮಾಧಾನ ಆಯಿತು.

ಇನ್ನೊಂದು ವಿಷಯ, ನಿಮ್ಮ ಶಾಖೆಯದ್ದು ಹೌದೋ ಅಲ್ಲವೋ. ನಮ್ಮ ಕಡೆ ಚುನಾವಣೆ ಬಂತು ಅಂದರೆ ಬೆಳೆ ಕಾಯುವ ಕೋವಿಯನ್ನು ಠಾಣೆಗೆ ಜಮಾ ಮಾಡಿಸುತ್ತಾರೆ. ಹಂದಿ, ಮಂಗಕ್ಕೆ ನೀತಿ ಸಂಹಿತೆ ಗೊತ್ತಾಗಲ್ಲ. ಸಂಹಿತೆ ಮುಗಿದ ಆದೇಶ ಠಾಣೆಗೆ ತಲುಪುವುದು ಒಂದು ದಿನ ತಡವಾದರೂ ತೋಟಕ್ಕೆ ನಷ್ಟ. ಆ ಪತ್ರ ಬೇಗ ಹೋಗುವ ಹಾಗೆ ನೋಡಿಕೊಳ್ಳಿ.

ತುಂಗಾತೀರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣ, ನಿಮ್ಮದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಕೋವಿ ವಿಷಯ ನಾಳೆಯೇ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುತ್ತೇನೆ.

ಶಿರಸ್ತೇದಾರ್ ಸರ್, ಎರಡು ಸಂಶಯ. ಸೀಲ್ ಮಾಡಿದ್ದನ್ನು ಎಷ್ಟು ದಿನ ಮುಟ್ಟಬಾರದು? ಮತ್ತೆ, ನಮ್ಮ ದಾಖಲೆ ಕೊಠಡಿ ಗೋಡೆ ಜುಲೈನಲ್ಲಿ ನೀರು ಒಸರುತ್ತದೆ. ಅಲ್ಲಿಟ್ಟರೆ ಲಕೋಟೆಗೆ ಬೂಷ್ಟು ಹಿಡಿಯುತ್ತದೆ. ಏನು ಮಾಡುವುದು?

ಹಳೇ ಶಿರಸ್ತೇದಾರ:

ಗ್ರಾಮ ಪಂಚಾಯಿತಿಯಾದರೆ ಫಲಿತಾಂಶ ಘೋಷಣೆಯಾದ 30 ದಿನದೊಳಗೆ ತಕರಾರು ಅರ್ಜಿ ಹಾಕಬಹುದು. ಪಾಲಿಕೆಗೆ 1976ರ ಪಾಲಿಕೆ ಕಾಯ್ದೆ ತೆಗೆದು ಕಲಂ ಓದಿ ಇಟ್ಟುಕೋ, ಬಾಯಿಮಾತು ನಂಬಬೇಡ, ನನ್ನದನ್ನೂ. ಆ ಅವಧಿ ಮುಗಿದ ಕೂಡಲೇ ಅರ್ಜಿ ಬಂದಿದೆಯೋ ಇಲ್ಲವೋ ಅಂತ ಕೋರ್ಟಿನಿಂದ ಬರವಣಿಗೆಯಲ್ಲಿ ತರಿಸಿಕೋ. ಬಂದಿದ್ದರೆ ಆ ವಾರ್ಡಿನ ಯಂತ್ರವನ್ನೂ ಲಕೋಟೆಗಳನ್ನೂ ಕೋರ್ಟು ಹೇಳುವ ತನಕ ಮುಟ್ಟುವ ಹಾಗಿಲ್ಲ. ಬಂದಿಲ್ಲದಿದ್ದರೂ ಮೇಲಿನಿಂದ ಆದೇಶ ಬರುವ ತನಕ ನಾಶ ಮಾಡಬೇಡ.

ತೇವಕ್ಕೆ ನಾವು ಮಾಡುತ್ತಿದ್ದುದು ಇಷ್ಟು. ಕಬ್ಬಿಣದ ಟ್ರಂಕು, ಕೆಳಗೆ ಎರಡು ಇಟ್ಟಿಗೆ, ಅದರ ಮೇಲೆ ಹಲಗೆ, ಗೋಡೆಯಿಂದ ಒಂದು ಮೊಳ ದೂರ. ಒಳಗೆ ನುಸಿಗುಳಿಗೆ. ಟ್ರಂಕಿನ ಹೊರಗೆ ವಾರ್ಡ್ ನಂಬರನ್ನು ಪೇಂಟಿನಲ್ಲಿ ಬರೆಸು, ಚೀಟಿ ಅಂಟಿಸಿದರೆ ಆಷಾಢದಲ್ಲಿ ಉದುರುತ್ತದೆ. ಮಳೆ ಶುರುವಾಗುವ ಮೊದಲು ಸಾಹೇಬರಿಗೆ ಬೇರೆ ಕೊಠಡಿ ಕೇಳಿ ಒಂದು ಟಿಪ್ಪಣಿ ಇಡು, ಪ್ರತಿ ನಿನ್ನ ಹತ್ತಿರ ಇರಲಿ.