ಕುರ್ಚಿ ಖಾಲಿ ಆದ್ರೆ ಕೂರೋಣ

"ಕೂತ್ಕೊಳ್ಳಿ ಸೀತಕ್ಕ," ಅಂದ ರಘು. ಎಲ್ಲಿ ಅಂತ ಹೇಳಲಿಲ್ಲ.

ಹಾಲ್‌ನಲ್ಲಿ ನಾಲ್ಕು ಕುರ್ಚಿ. ಒಂದರ ಮೇಲೆ ಒಗೆದ ಬಟ್ಟೆ, ಇನ್ನೊಂದರ ಮೇಲೆ ಒಗೆಯಬೇಕಾದ ಬಟ್ಟೆ, ಮೂರನೆಯದರ ಮೇಲೆ ಯಾವುದು ಅಂತ ಮೂಸಿ ನೋಡಿ ತೀರ್ಮಾನಿಸಬೇಕಾದ ಬಟ್ಟೆ. ನಾಲ್ಕನೆಯದರಲ್ಲಿ ಮೂರ್ತಿ ಆಗಲೇ ಕೂತಿದ್ದ. ಮಾಮೂಲಿಗಿಂತ ನಾಲ್ಕು ಬೆರಳು ಎತ್ತರ ಕಾಣ್ತಿದ್ದ. ಕೆಳಗೇನಿದೆ ಅಂತ ಯಾರೂ ಕೇಳಲಿಲ್ಲ.

"ಈ ಭಾನುವಾರ ಅಟ್ಟ ಇಳಿಸೋದೇ," ಅಂದ ರಘು. "ಏಣಿ ಕೇಳಿಟ್ಟಿದೀನಿ. ಆನ್‌ಲೈನ್‌ನಲ್ಲಿ ಹನ್ನೆರಡು ಪ್ಲಾಸ್ಟಿಕ್ ಡಬ್ಬನೂ ಬುಕ್ ಮಾಡಿದೀನಿ."

"ಮೊದಲು ಅದನ್ನ ಕ್ಯಾನ್ಸಲ್ ಮಾಡಪ್ಪ," ಅಂದರು ಸೀತಕ್ಕ, ಒಗೆದ ಬಟ್ಟೆಯ ಕುರ್ಚಿ ಖಾಲಿ ಮಾಡುತ್ತ. "ಸಾಮಾನು ಜಾಸ್ತಿ ಆಯ್ತು ಅಂತ ಇನ್ನೂ ಹನ್ನೆರಡು ಸಾಮಾನು ತರಿಸೋದಾ? ಎಷ್ಟು ಉಳಿಯತ್ತೆ ಅಂತ ಗೊತ್ತಾದ ಮೇಲೆ ಡಬ್ಬ. ಅಲ್ಲೀತನಕ ಶೂ ಬಂದ ಡಬ್ಬ ಸಾಕು. ಅಟ್ಟಾನೂ ಬೇಡ. ಹತ್ತು ಗಂಟೆಗೆ ಅಟ್ಟ ಇಳಿಸ್ತೀಯ, ಹನ್ನೊಂದಕ್ಕೆ ಹಳೇ ಆಲ್ಬಮ್ ಸಿಗತ್ತೆ. ಊಟದ ಹೊತ್ತಿಗೆ 'ಇವರ್ಯಾರು, ಚಿಕ್ಕಪ್ಪನ ಷಡ್ಡಕರಾ?' ಅಂತ ವಾದ. ಸಂಜೆ ಕಾಲಿಡೋಕೆ ಜಾಗ ಇಲ್ಲ ಅಂತ ಎಲ್ಲಾ ವಾಪಸ್ ಮೇಲಕ್ಕೆ. ಧೂಳು ಮಾತ್ರ ಕೆಳಗೇ ಉಳಿಯತ್ತೆ."

"ಮತ್ತೆ ಎಲ್ಲಿಂದ ಶುರು ಮಾಡೋದು? ನೋಡಿದ್ರೇ ತಲೆ ಗಿರ್ ಅನ್ನತ್ತೆ," ಅಂದಳು ಸುಮಾ.

"ಒಂದೊಂದು ಸಾಮಾನಿಗೂ 'ಇರಲಾ, ಹೋಗಲಾ' ಅಂತ ತೀರ್ಮಾನ ಮಾಡಬೇಕಲ್ಲಮ್ಮ, ಅದಕ್ಕೇ ತಲೆ ಗಿರ್ ಅನ್ನೋದು. ತೀರ್ಮಾನವೇ ಬೇಡದ್ದನ್ನ ಮೊದಲು ಎತ್ತು. ಒಂದು ಚೀಲ ಹಿಡಿ, ಮೊಬೈಲ್‌ನಲ್ಲಿ 15 ನಿಮಿಷಕ್ಕೆ ಅಲಾರಂ ಇಡು. ಬರೆಯದ ಪೆನ್ನು, ಹೋದ ವರ್ಷದ ಕ್ಯಾಲೆಂಡರ್, ಮುಚ್ಚಳ ಇಲ್ಲದ ಡಬ್ಬ, ಡಬ್ಬ ಇಲ್ಲದ ಮುಚ್ಚಳ, ಯಾವ ಬೀಗದ್ದೂ ಅಲ್ಲದ ಕೀಲಿ. ಅಲಾರಂ ಹೊಡೀತಾ, ನಿಲ್ಲಿಸು."

"ಹುಮ್ಮಸ್ಸು ಬಂದ್ಬಿಟ್ರೆ?"

"ಬಂದ್ರೂ ನಿಲ್ಲಿಸು. ಮೊದಲ ದಿನವೇ ನಾಲ್ಕು ಗಂಟೆ ಮಾಡಿದ್ರೆ ಎರಡನೇ ದಿನ ಸೊಂಟ ಹಿಡ್ಕೊಂಡು ಕೂರ್ತೀಯ. ಮೂರನೇ ದಿನ ಚೀಲ ಬಾಗಿಲ ಹತ್ರ ಹಾಗೇ ಇರತ್ತೆ. ನಾಲ್ಕನೇ ದಿನ ಇವನು ಅದರಲ್ಲಿ ಕೈ ಹಾಕಿ 'ಅಯ್ಯೋ, ಇದು ಚೆನ್ನಾಗೇ ಇದೆಯಲ್ಲ' ಅಂತಾನೆ. ಚೀಲ ಅವತ್ತೇ ಗೇಟು ದಾಟಬೇಕು."

"ಹಾಗಾದ್ರೆ ಇವಳ ಬ್ಲೌಸ್ ಪೀಸಿಂದ ಶುರು ಮಾಡೋಣ," ಅಂದ ರಘು.

"ನಿಮ್ಮ ವೈರಿನ ಡಬ್ಬದಿಂದ!" ಅಂದಳು ಸುಮಾ.

"ಅವರವರದ್ದು ಅವರವರೇ," ಅಂದರು ಸೀತಕ್ಕ. "ಇನ್ನೊಬ್ಬರದ್ದನ್ನ ಕದ್ದು ಎಸೆದ್ರೆ ಆಮೇಲೆ ಅವರು ಹಾಲಿನ ಕವರ್ ಕೂಡ ಬಿಡಲ್ಲ. ಸುಮಾ, ಬ್ಲೌಸ್ ಪೀಸ್ ಎಷ್ಟಿದೆ?"

"ನಲವತ್ತಮೂರು. ಅದರಲ್ಲೊಂದು ಹಸಿರು ಪೀಸು, ನಾನೇ ವರಮಹಾಲಕ್ಷ್ಮಿ ಹಬ್ಬಕ್ಕೆ ಕೊಟ್ಟಿದ್ದು, ನವರಾತ್ರೀಲಿ ಬೇರೆಯವರ ಮನೆಯಿಂದ ವಾಪಸ್ ಬಂತು."

"ಅದಕ್ಕೆ ಬಸ್ ಪಾಸ್ ಮಾಡಿಸಿಬಿಡು," ಅಂದ ಮೂರ್ತಿ.

"ಅಳತೆ ಟೇಪ್ ಹಿಡಿ. 80 ಸೆಂಟಿಮೀಟರಿನ ಪೀಸಲ್ಲಿ ಮುಕ್ಕಾಲು ತೋಳು ಅಂದ್ರೆ ಟೈಲರು ಮುಖ ನೋಡ್ತಾರೆ. 1 ಮೀಟರ್ ಇದ್ದದ್ದು, ನಿನ್ನ ಸೀರೆಗೆ ಹೊಂದೋದು ಮಾತ್ರ ಇಟ್ಕೊ, ಈ ವಾರವೇ ಹೊಲಿಯೋಕೆ ಕೊಡು. ಹತ್ತಿದು ಸೀರೆ ಸುತ್ತಿಡೋಕೆ ಆಗತ್ತೆ. ಸಿಂಥೆಟಿಕ್ಕು ನೀರೇ ಹೀರಲ್ಲ, ಒರೆಸೋ ಬಟ್ಟೆಗೂ ನಾಲಾಯಕ್ಕು. ಅಂದ ಹಾಗೆ, ರೇಷ್ಮೆ ಸೀರೆ ನಡುವೆ ನುಸಿಗುಳಿಗೆ ಹಾಕಿದ್ರೆ ಅದು ಜರಿಗೆ ತಾಗದ ಹಾಗೆ ಪುಟ್ಟ ಬಟ್ಟೇಲಿ ಕಟ್ಟು, ಮಡಿಕೆ ಮೂರು ತಿಂಗಳಿಗೊಮ್ಮೆ ಬದಲಿಸು. ಒಂದೇ ಗೆರೇಲಿದ್ರೆ ಅಲ್ಲೇ ಸೀಳೋದು."

ರಘು ವೈರಿನ ಡಬ್ಬ ತಂದು ನೆಲಕ್ಕೆ ಸುರಿದ. ಹಾವಾಡಿಗನ ಬುಟ್ಟಿ ಮಗುಚಿದ ಹಾಗಾಯ್ತು. "ಯಾವುದಾದ್ರೂ ಒಂದು ದಿನ ಬೇಕಾಗತ್ತೆ ಸೀತಕ್ಕ."

"ಬೇಕಾದ ದಿನ ಇದರಲ್ಲಿ ಸಿಗಲ್ವಲ್ಲ. ಮನೇಲಿ ಓಡ್ತಾ ಇರೋ ಯಂತ್ರಗಳನ್ನೆಲ್ಲ ಸಾಲಾಗಿಟ್ಟು, ಒಂದೊಂದಕ್ಕೂ ಅದರ ಚಾರ್ಜರ್ ಚುಚ್ಚು, ಪೇಂಟರ್‌ಗಳ ಕಾಗದದ ಟೇಪ್ ಸುತ್ತಿ ಹೆಸರು ಬರಿ. ಜೋಡಿ ಸಿಗದ್ದೆಲ್ಲ ಇ-ತ್ಯಾಜ್ಯ ತಗೊಳ್ಳೋವರಿಗೆ. ಹಳೇ ಫೋನ್ ಇದ್ರೆ ಸಿಮ್ಮು, ಮೆಮೊರಿ ಕಾರ್ಡ್ ತೆಗೆದು, ಅಕೌಂಟಿಂದ ಹೊರಗೆ ಬಂದು, ರೀಸೆಟ್ ಹೊಡೆದು ಕೊಡು... ತಡಿ, ಇದೇನು ಪವರ್ ಬ್ಯಾಂಕು, ಪೂರಿ ಥರ ಉಬ್ಬಿದೆ?"

ಮೂರ್ತಿ ಬೆರಳು ಚಾಚಿದ.

"ಒತ್ತಬೇಡ್ವೋ! ಉಬ್ಬಿದ ಲಿಥಿಯಂ ಬ್ಯಾಟರಿ ತೂತಾದ್ರೆ ಅಲ್ಲೇ ಬೆಂಕಿ. ಕಸದ ಗಾಡಿಗೂ ಬೇಡ, ಅಲ್ಲಿ ಒತ್ತಿ ತುಂಬ್ತಾರೆ; ಗುಜರಿ ಮೂಟೆಗೂ ಬೇಡ. ಅದನ್ನ ಚಾರ್ಜಿಗೆ ಹಾಕೋದು ನಿಲ್ಲಿಸಿ, ಮರಳು ಹಾಕಿದ ತಗಡಿನ ಡಬ್ಬದಲ್ಲಿಡು. ಮುಚ್ಚಳ ಬಿಗಿಬೇಡ. ಇ-ತ್ಯಾಜ್ಯದವರಿಗೆ ಉಬ್ಬಿದೆ ಅಂತ ಹೇಳಿಯೇ ಕೊಡು."

ರಘು ಅದನ್ನ ಸತ್ಯನಾರಾಯಣ ಪೂಜೆಯ ಪ್ರಸಾದದಷ್ಟು ಭಯಭಕ್ತಿಯಿಂದ ಎರಡೂ ಕೈಯಲ್ಲಿ ಎತ್ತಿ ಬಾಲ್ಕನಿಗೆ ಒಯ್ದ.

"ಟಿವಿ ಬಂದ ಪೆಟ್ಟಿಗೆ?" ಅಂದ ವಾಪಸ್ ಬಂದು. "ವಾರಂಟಿಗೆ ಬೇಕಲ್ವಾ?"

"ಯಾವ ಟಿವಿ?" ಅಂದಳು ಸುಮಾ. "ಆ ಟಿವಿ ಹೋಗಿ ಮೂರು ವರ್ಷ ಆಯ್ತು."

"ವಾರಂಟಿಗೆ ಸಾಮಾನ್ಯವಾಗಿ ಬಿಲ್ಲು, ಸೀರಿಯಲ್ ನಂಬರ್ ಸಾಕು. ಪೆಟ್ಟಿಗೆ ಇರೋದು ವಾಪಸ್ ಮಾಡೋ ಗಡುವು ಮುಗಿಯೋ ತನಕ. ರಟ್ಟಿನ ಅಲೆಅಲೆ ಸಂದಿ ಅಂದ್ರೆ ಜಿರಲೆಗೆ ಬಾಡಿಗೆ ಇಲ್ಲದ ಮನೆ. ಬಿಲ್ಲನ್ನ ತಂದ ದಿನವೇ ಫೋಟೋ ತೆಗಿ. ಆ ನುಣುಪು ಕಾಗದದ ಅಚ್ಚು ಒಂದೆರಡು ಬೇಸಿಗೇಲಿ ಮಾಯ. ಕ್ರಯಪತ್ರ, ಖಾತಾ, ಆಸ್ತಿ ತೆರಿಗೆ ರಸೀದಿ ಮಾತ್ರ ಎಂದೂ ಬಿಸಾಡೋ ಹಾಗಿಲ್ಲ, ಫೋಟೋ ಇದ್ರೂ."

"ಮದುವೆ ಪತ್ರಿಕೆಗಳನ್ನ ಏನ್ಮಾಡೋದು? ಎಲ್ಲದರ ಮೇಲೂ ಗಣಪತಿ," ಅಂದಳು ಸುಮಾ.

ಎಲ್ಲರೂ ಸುಮ್ಮನಾದರು. ಕಷ್ಟದ ಪ್ರಶ್ನೆ ಇದು.

"ಗಣಪತೀನ ಕತ್ತರಿಸಿ ಮುಯ್ಯಿ ಕವರಿಗೆ ಅಂಟಿಸು, ಇನ್ನೊಂದು ಮದುವೆಗೆ ಹೋಗಿಬರಲಿ," ಅಂದರು ಸೀತಕ್ಕ. "ಉಳಿದ ಬರೀ ಕಾಗದ ಗುಜರಿಗೆ. ಪ್ಲಾಸ್ಟಿಕ್ ಹಾಳೆ ಮೆತ್ತಿದ್ದನ್ನ ಗುಜರಿಯವನೂ ಬೇಡ ಅಂತಾನೆ, ಅದು ಒಣ ಕಸಕ್ಕೆ. ಅಶ್ವತ್ಥಕಟ್ಟೆ ಮೇಲಂತೂ ಇಟ್ಟು ಬರಬೇಡ."

"ಇರಲಾ ಹೋಗಲಾ ಅಂತ ಗೊತ್ತೇ ಆಗದಿದ್ರೆ?"

"ಅದಕ್ಕೊಂದು 'ನೋಡೋಣ' ಡಬ್ಬ. ಒಂದೇ ಒಂದು. ಟೇಪ್ ಹಾಕಿ ಮೇಲೆ ತಾರೀಖು ಬರಿ. ಮೂರು ತಿಂಗಳು ಯಾರೂ ಹುಡುಕದಿದ್ರೆ ತೆಗೆಯದೇ ಕೊಟ್ಟುಬಿಡು. ತೆಗೆದು ನೋಡಿದ್ಯೋ, ಕೆಟ್ಟೆ. ಕಾಗದಪತ್ರ, ಒಡವೆ ಅದರೊಳಗೆ ಹಾಕಬೇಡ, ಅಷ್ಟೆ."

ಕೆಳಗಿಂದ "ಹಳೇ ಪೇಪರ್, ಹಳೇ ಕಬ್ಣಾ..." ಅಂತ ಕೂಗು ಕೇಳಿಸ್ತು.

"ಪೇಪರ್ ಕಟ್ಟು ತಗೊಂಡು ತೂಕದ ಮಿಷನ್ ಹತ್ತು ಮೂರ್ತಿ," ಅಂದರು ಸೀತಕ್ಕ. "ಬಂದದ್ದರಲ್ಲಿ ನಿನ್ನ ತೂಕ ಕಳೆದ್ರೆ ಪೇಪರಿಂದು ಗೊತ್ತಾಗತ್ತೆ. ಅವನ ಕೊಕ್ಕೆ ತಕ್ಕಡಿ ಎಷ್ಟು ನುಂಗತ್ತೆ ಅಂತಾನೂ ಗೊತ್ತಾಗತ್ತೆ."

"ನನ್ನ ತೂಕ ಎಲ್ಲರ ಮುಂದೆ ಹೇಳಬೇಕಾ? ಎರಡು ಕೆಜಿ ಹೋದ್ರೆ ಹೋಗ್ಲಿ ಬಿಡಿ," ಅಂತ ಮೂರ್ತಿ ಎದ್ದ.

ಕುರ್ಚಿಯ ಮೇಲೆ ಚಪ್ಪಟೆಯಾದ ಪಾರ್ಸೆಲ್ ಒಂದಿತ್ತು. ಸೀಲು ಒಡೆದಿರಲಿಲ್ಲ. ಸೀತಕ್ಕ ಕನ್ನಡಕ ಏರಿಸಿ ಚೀಟಿ ಓದಿದರು: "ಬಟ್ಟೆ ಜೋಡಿಸುವ ಮಡಚು ಡಬ್ಬ, ಆರರ ಸೆಟ್ಟು. ಹೋದ ದೀಪಾವಳಿ ಆಫರ್."

ರಘು ಫೋನ್ ತೆಗೆದು ಕ್ಯಾನ್ಸಲ್ ಬಟನ್ ಹುಡುಕತೊಡಗಿದ.